ಮರು: ಹುಟ್ಟಿದ ಜಾಗದಿಂದ ಬರುವ ಪೌರತ್ವಕ್ಕೆ ಕನ್ನಡ ಪದ ಬೇಕು (ತುರ್ತು)

ಹೆತ್ತವರು ಯಾವ ದೇಶದವರೇ ಆಗಿರಲಿ, ಹುಟ್ಟಿದ ದೇಶದ ನೆಲದಿಂದಲೇ ಸಿಗುವ ಪೌರತ್ವಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ; ಕರಪತ್ರ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: "ಹುಟ್ಟುನೆಲದ ಪೌರತ್ವ" ಅಂತ ಹಾಕಿ.

"ಜನ್ಮಸಿದ್ಧ ಪೌರತ್ವ" ಸಾಕು ಅಂತ ಮೇಲೆ ಇಬ್ಬರು ಬರೆದಿದ್ದಾರೆ. ಸಾಲದು. ಪತ್ರಿಕೆಗಳಲ್ಲಿ ಬರುತ್ತದೆ, ನಿಜ. ಆದರೆ ಜನ್ಮಸಿದ್ಧ ಅಂದ ಕೂಡಲೇ ತಿಲಕರ "ಸ್ವರಾಜ್ಯ ನನ್ನ ಜನ್ಮಸಿದ್ಧ ಹಕ್ಕು" ನೆನಪಾಗುತ್ತದೆ. ಅದರಲ್ಲಿ ಹುಟ್ಟು ಇದೆ, ಜಾಗ ಇಲ್ಲ.

ನಿಮ್ಮ ಓದುಗರನ್ನೇ ತಗೊಳ್ಳಿ. ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ದಂಪತಿಗೆ ಅಲ್ಲೇ ಮಗುವಾಯಿತು. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಆದ 14ನೇ ತಿದ್ದುಪಡಿಯಿಂದ ನಡೆದುಬಂದ ರೂಢಿಯಂತೆ ಮಗು ಅಮೆರಿಕದ್ದು. ಅದಕ್ಕೆ ಅಲ್ಲಿನ ಪಾಸ್‌ಪೋರ್ಟ್ ಮಾಡಿಸದೆ, ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿದರೆ ಅಪ್ಪ-ಅಮ್ಮನ ಕಡೆಯಿಂದ ಭಾರತದ್ದು. ಎರಡೂ ಹುಟ್ಟಿನಿಂದಲೇ ಬಂದದ್ದು ಅಲ್ವಾ? ಯಾವುದು ಯಾವುದೆಂದು ಹೇಳುವುದು "ನೆಲ" ಮಾತ್ರ. ಅಮೆರಿಕದ ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಹೊರಡಿಸಿದ ಆದೇಶ ಮೊಟಕು ಮಾಡಲು ಹೊರಟದ್ದೂ ಆ ಹುಟ್ಟುನೆಲದ ಹಕ್ಕನ್ನೇ.

"ಜನನದಿಂದ ಪೌರತ್ವ" ಇನ್ನೂ ಗೊಂದಲ. ಅದು ಭಾರತದ 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ನಿನ ಮಾತು. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದ್ದರೆ ಹೆಚ್ಚುಕಡಿಮೆ ಸಾಕಿತ್ತು. ಆಮೇಲೆ ಹೆತ್ತವರಲ್ಲಿ ಒಬ್ಬರಾದರೂ ಪೌರರಾಗಿರಬೇಕು ಅಂತಾಯಿತು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಅಂತಲೂ ಸೇರಿತು. ಹೆಸರು ಹಳೆಯದೇ, ಒಳಗಿನ ಹೂರಣ ಬೇರೆ. ಅಮೆರಿಕದ ಪದ್ಧತಿಗೆ ಆ ಹೆಸರು ಹಚ್ಚಬೇಡಿ.

"ನೆಲಹಕ್ಕು" ಅಂತೂ ಬೇಡವೇ ಬೇಡ. ಜನ ಬಗರ್‌ಹುಕುಂ ಜಮೀನಿನ ವಿಷಯ ಅಂದುಕೊಳ್ಳುತ್ತಾರೆ.

ಇನ್ನು "ಹುಟ್ಟುನಾಡಿಗತನ". ಪೌರ ಅನ್ನುವುದು ಪುರದಿಂದ ಬಂದದ್ದು, ಸಂಸ್ಕೃತ, ಬಿಡಬೇಕು ಅಂತ ಈ ಪದ ಸೂಚಿಸುವವರ ವಾದ. ಆದರೆ ನಾಡಿಗ ಅಂದರೆ ಹಿಂದಿನ ಕಾಲದ ಅಧಿಕಾರಿ. ಇವತ್ತಿಗೂ ಮನೆತನದ ಹೆಸರು. ಅದನ್ನು ಪೌರನ ಜಾಗಕ್ಕೆ ತರುವ ಮುಂಚೆ ನಿಘಂಟು ನೋಡಬಾರದಿತ್ತಾ? ಪೌರಕಾರ್ಮಿಕರು, ಪೌರಾಯುಕ್ತರು ಅಂತ ಊರಿಗೆ ಊರೇ ಹೇಳುತ್ತದೆ. ಬೀದಿಯಲ್ಲಿ ಓಡಾಡುವ ಪದ ಪರಕೀಯ ಹೇಗಾಗುತ್ತದೆ? ಎರವಲು ಪದ ಓಡಿಸುವ ಹುರುಪಿನಲ್ಲಿ ಓದುವವರನ್ನು ಮರೆಯುವುದು ನನಗೆ ಒಪ್ಪಿಗೆಯಿಲ್ಲ.

ನೆಲದಿಂದಲ್ಲದೆ ಅಪ್ಪ-ಅಮ್ಮನ ಕಡೆಯಿಂದ ಬರುವುದಕ್ಕೆ ಎದುರು ಪದವೂ ಬೇಕಾದರೆ "ಹೆತ್ತವರಿಂದ ಬರುವ ಪೌರತ್ವ" ಅನ್ನಿ. ಕಾನೂನಿನಲ್ಲಿ ಇದಕ್ಕೆ ಬಳಸುವ ಲ್ಯಾಟಿನ್ ಹೆಸರಿನಲ್ಲಿ (jus sanguinis) ರಕ್ತ ಅಂತಲೇ ಇದೆ, ಆದರೂ "ರಕ್ತದ ಪೌರತ್ವ" ಅಂತ ಹಾಕಬೇಡಿ. ಕನ್ನಡದಲ್ಲಿ ಅದು ಕುಲ-ಜಾತಿಯ ಮಾತಾಗಿ ಕೇಳಿಸುತ್ತದೆ.