ಎಕ್ಸೆಲ್‌ನಲ್ಲಿ ಕೆಂಪು ಪಟ್ಟಿ ಬಂದು ಮ್ಯಾಕ್ರೋ ಓಡುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಜಿಎಸ್‌ಟಿ ಪೋರ್ಟಲ್‌ನಿಂದ ಜಿಎಸ್‌ಟಿಆರ್-9 (ವಾರ್ಷಿಕ ರಿಟರ್ನ್) ಆಫ್‌ಲೈನ್ ಟೂಲ್ ಇಳಿಸಿಕೊಂಡು ಜಿಪ್ ಬಿಚ್ಚಿದೆ. ಫೈಲ್ ತೆರೆದರೆ ‘ಸೆಕ್ಯುರಿಟಿ ರಿಸ್ಕ್’ ಅಂತ ಕೆಂಪು ಪಟ್ಟಿ, ಮ್ಯಾಕ್ರೋ (ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ) ಓಡದೆ ಒಳಗಿನ ಬಟನ್ ಯಾವುದೂ ಕೆಲಸ ಮಾಡುತ್ತಿಲ್ಲ. ಮೊದಲು ಹಳದಿ ಪಟ್ಟಿಯಲ್ಲಿ ‘ಎನೇಬಲ್ ಕಂಟೆಂಟ್’ ಇರುತ್ತಿತ್ತು, ಈಗ ‘ಲರ್ನ್ ಮೋರ್’ ಮಾತ್ರ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಎನೇಬಲ್ ಆಲ್ ಮ್ಯಾಕ್ರೋಸ್’ ಹಾಕಿಬಿಡಿ ಅಂತ ಒಬ್ಬರು ಹೇಳಿದರು. ಹಾಕಬಹುದಾ?

ಉತ್ತರ: ದಯವಿಟ್ಟು ಹಾಕಬೇಡಿ. ಆ ಸೆಟ್ಟಿಂಗ್ ಈ ಒಂದು ಫೈಲಿಗೆ ನಿಲ್ಲುವುದಿಲ್ಲ, ನಾಳೆ ಬೇರೆಲ್ಲಿಂದಲೋ ಬರುವ ಫೈಲಿಗೂ ಬಾಗಿಲು ತೆರೆದಿಡುತ್ತದೆ.

ಇಂಟರ್ನೆಟ್‌ನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ, ‘ಮಾರ್ಕ್ ಆಫ್ ದಿ ವೆಬ್’ ಎನ್ನುತ್ತಾರೆ. 2022ರಲ್ಲಿ ಮೈಕ್ರೋಸಾಫ್ಟ್ ನಿಯಮ ಬದಲಿಸಿದ ಮೇಲೆ, ಈ ಗುರುತಿರುವ ಫೈಲಿನ ಮ್ಯಾಕ್ರೋಗೆ ಒಂದೇ ಕ್ಲಿಕ್ಕಿನಲ್ಲಿ ಅನುಮತಿ ಸಿಗುವುದಿಲ್ಲ. ಜಿಪ್‌ಗೆ ಗುರುತಿದ್ದರೆ, ವಿಂಡೋಸ್‌ನಲ್ಲೇ ಬಿಚ್ಚಿದಾಗ ಒಳಗಿನ ಫೈಲುಗಳಿಗೂ ಅದು ಅಂಟುತ್ತದೆ. ಹಾಗಾಗಿ ಜಿಪ್‌ನಿಂದಲೇ ಶುರು ಮಾಡಿ:

ಎಕ್ಸೆಲ್ ಮುಚ್ಚಿ, ಬಿಚ್ಚಿದ ಫೋಲ್ಡರ್ ಅಳಿಸಿ. ಜಿಪ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’. ‘ಜನರಲ್’ ಟ್ಯಾಬ್‌ನ ಕೊನೆಯಲ್ಲಿ ‘ಅನ್‌ಬ್ಲಾಕ್’ಗೆ ಟಿಕ್ ಹಾಕಿ ‘ಓಕೆ’. ಆಮೇಲೆ ಮತ್ತೆ ಬಿಚ್ಚಿ. ಈಗ ತೆರೆದರೆ ಹಳದಿ ಪಟ್ಟಿ ಬರುತ್ತದೆ, ಅಲ್ಲಿ ‘ಎನೇಬಲ್ ಕಂಟೆಂಟ್’ ಒತ್ತಿ. ಒಮ್ಮೆ ಒತ್ತಿದರೆ ಆ ಫೈಲ್ ನೆನಪಿರುತ್ತದೆ. ಹೆಸರು ಅಥವಾ ಜಾಗ ಬದಲಿಸಿದರೆ ಮತ್ತೆ ಕೇಳುತ್ತದೆ, ಗಾಬರಿ ಬೇಡ.

ಜಿಪ್ ಒಳಗಿನಿಂದಲೇ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಅದು ತಾತ್ಕಾಲಿಕ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ, ತುಂಬಿದ ಅಂಕಿಅಂಶ ಆಮೇಲೆ ಹುಡುಕಿದರೂ ಸಿಗದೆ ಹೋಗಬಹುದು.

ಮರುಪ್ರಶ್ನೆ: ಸರಿಹೋಯಿತು ಸರ್, ಧನ್ಯವಾದ. ಆದರೆ ಕ್ಲೈಂಟ್‌ಗೊಂದರಂತೆ ಪ್ರತಿ ಮಾಡಿ ಹೆಸರು ಬದಲಿಸುತ್ತೇವೆ, ಪ್ರತಿ ಸಲ ಕೇಳುತ್ತದೆ.

ಉತ್ತರ: ಅದಕ್ಕೆ ‘ಟ್ರಸ್ಟೆಡ್ ಲೊಕೇಶನ್’ ಇದೆ. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಟ್ರಸ್ಟೆಡ್ ಲೊಕೇಶನ್ಸ್, ‘ಆಡ್ ನ್ಯೂ ಲೊಕೇಶನ್’. ಡಿ ಡ್ರೈವ್‌ನಲ್ಲಿ ಈ ಕೆಲಸಕ್ಕೆಂದೇ ಹೊಸ ಫೋಲ್ಡರ್ ಮಾಡಿ ಅದನ್ನು ಕೊಡಿ. ಕ್ಲೈಂಟ್‌ಗೊಂದು ಒಳ ಫೋಲ್ಡರ್ ಇದ್ದರೆ ‘ಸಬ್‌ಫೋಲ್ಡರ್ಸ್’ಗೂ ಟಿಕ್ ಹಾಕಿ. ಅಲ್ಲಿರುವ ಫೈಲುಗಳ ಮ್ಯಾಕ್ರೋ ಕೇಳದೆ ಓಡುತ್ತದೆ, ಇಂಟರ್ನೆಟ್ ಗುರುತಿದ್ದರೂ ಸಹ. ಆದ್ದರಿಂದ ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಫೋಲ್ಡರನ್ನು ಯಾವ ಕಾರಣಕ್ಕೂ ಸೇರಿಸಬೇಡಿ. ಪೋರ್ಟಲ್‌ನಿಂದ ನೀವೇ ಇಳಿಸಿದ ಟೂಲ್ ಮಾತ್ರ ಅಲ್ಲಿಗೆ ಹೋಗಬೇಕು.

ಇನ್ನೊಬ್ಬ ಸದಸ್ಯೆ: ನಮ್ಮ ಆಫೀಸಿನಲ್ಲಿ ಸರ್ವರ್ ಮೇಲಿನ ಫೈಲಿಗೂ ಕೆಂಪು ಪಟ್ಟಿ ಬರುತ್ತದೆ. ‘ಅನ್‌ಬ್ಲಾಕ್’ ಕಾಣುವುದೇ ಇಲ್ಲ.

ಉತ್ತರ: ಮೇಡಂ, ಸರ್ವರನ್ನು ಐಪಿ ಸಂಖ್ಯೆ ಹಾಕಿ ತೆರೆಯುತ್ತಿದ್ದೀರಾ ನೋಡಿ. ಚುಕ್ಕೆಗಳಿರುವ ವಿಳಾಸವನ್ನು ವಿಂಡೋಸ್ ಇಂಟರ್ನೆಟ್ ಎಂದೇ ಎಣಿಸುತ್ತದೆ. ಕಂಪ್ಯೂಟರಿನ ಹೆಸರಿನಿಂದ ತೆರೆದು ನೋಡಿ. ಆಗದಿದ್ದರೆ ಕಂಟ್ರೋಲ್ ಪ್ಯಾನಲ್‌ನ ಇಂಟರ್ನೆಟ್ ಆಪ್ಷನ್ಸ್, ಸೆಕ್ಯುರಿಟಿ ಟ್ಯಾಬ್, ‘ಲೋಕಲ್ ಇಂಟ್ರಾನೆಟ್’ನ ‘ಸೈಟ್ಸ್’ನಲ್ಲಿ ಆ ಸರ್ವರ್ ಸೇರಿಸಿ.

ಪ್ರಶ್ನೆ: ಕ್ಲೈಂಟ್ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲಿಗೆ ಬರೀ ಹಳದಿ ಪಟ್ಟಿ ಬಂತು. ಅಂದರೆ ಸುರಕ್ಷಿತ ತಾನೇ?

ಉತ್ತರ: ಅಲ್ಲ, ಇಲ್ಲೇ ಬಹಳ ಜನ ಎಡವುವುದು. ಕೆಂಪು ಪಟ್ಟಿ ತರುವ ಆ ಇಂಟರ್ನೆಟ್ ಗುರುತು ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನ ಸಾಮಾನ್ಯ ಫಾರ್ಮ್ಯಾಟ್) ಡಿಸ್ಕಿನಲ್ಲಷ್ಟೇ ಉಳಿಯುತ್ತದೆ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅದಕ್ಕೆ ನಕಲಾದ ಕ್ಷಣ ಗುರುತು ಉದುರಿಹೋಗುತ್ತದೆ. ಫೈಲಿನೊಳಗಿನ ಕೋಡ್ ಮಾತ್ರ ಹಾಗೇ ಇರುತ್ತದೆ.

‘ಎನೇಬಲ್’ ಒತ್ತುವ ಮೊದಲು ಆಲ್ಟ್ ಜೊತೆ ಎಫ್11 ಒತ್ತಿ ಕೋಡ್ ಓದಿ. ‘ವರ್ಕ್‌ಬುಕ್ ಓಪನ್’ ಅಥವಾ ‘ಆಟೋ ಓಪನ್’ (ಫೈಲ್ ತೆರೆದೊಡನೆ ತಾನೇ ಓಡುವ ಭಾಗ) ಒಳಗೆ ‘ಶೆಲ್’, ‘ಕ್ರಿಯೇಟ್ ಆಬ್ಜೆಕ್ಟ್’, ‘ಪವರ್‌ಶೆಲ್’, ವೆಬ್ ವಿಳಾಸ, ಅಥವಾ ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಕಂಡರೆ ಒತ್ತಬೇಡಿ. ಕೋಡಿಗೆ ಪಾಸ್‌ವರ್ಡ್ ಇರುವುದು ತಪ್ಪೇನಲ್ಲ, ಆದರೆ ಓದಲಾಗದ್ದನ್ನು ನಂಬುವುದಕ್ಕೆ ಕಾರಣವೂ ಇಲ್ಲ. ಬರೀ ಅಂಕಿಅಂಶ ಸಾಕಾದರೆ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ ಕಳಿಸಲು ಹೇಳಿ. ಅದರಲ್ಲಿ ಮ್ಯಾಕ್ರೋ ಉಳಿಯುವುದೇ ಇಲ್ಲ.

ಪ್ರಶ್ನೆ: ಎಕ್ಸೆಲ್ ಬದಲು ಉಚಿತ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲಿ ಮ್ಯಾಕ್ರೋಗೆ ಅನುಮತಿ ಕೊಡುವುದು ಹೇಗೆ?

ಉತ್ತರ: ಟೂಲ್ಸ್, ಆಪ್ಷನ್ಸ್, ಸೆಕ್ಯುರಿಟಿ, ‘ಮ್ಯಾಕ್ರೋ ಸೆಕ್ಯುರಿಟಿ’. ಮೊದಲಿಂದ ‘ಹೈ’ ಇರುತ್ತದೆ. ‘ಮೀಡಿಯಂ’ ಮಾಡಿದರೆ ಪ್ರತಿ ಫೈಲಿಗೂ ಕೇಳುತ್ತದೆ. ಫೈಲ್ ಮುಚ್ಚಿ ಮತ್ತೆ ತೆರೆಯಬೇಕು. ಆದರೆ ಜಿಎಸ್‌ಟಿ ಟೂಲ್ ಎಕ್ಸೆಲ್‌ಗಾಗಿ ಬರೆದದ್ದು, ಇಲ್ಲಿ ಸರಿಯಾಗಿ ಓಡುತ್ತದೆಂದು ನೆಚ್ಚಿಕೊಳ್ಳಬೇಡಿ.

ಮತ್ತೊಬ್ಬ ಸದಸ್ಯ: ಒಂದು ಮಾತು ಸೇರಿಸುತ್ತೇನೆ. ಟ್ರಸ್ಟೆಡ್ ಫೋಲ್ಡರಿಗೆ, ಫೈಲುಗಳಿಗೆ ಕನ್ನಡ ಲಿಪಿಯ ಹೆಸರು ಇಡಬೇಡಿ. ಎಕ್ಸೆಲ್ ತೆರೆಯುತ್ತದೆ, ಆದರೆ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯ ಹಳೆಯ ಫೈಲ್ ಆದೇಶಗಳು ಕನ್ನಡದಂಥ ಯೂನಿಕೋಡ್ ಹೆಸರು ಓದಲಾರವು. ಆಗ ‘ಫೈಲ್ ನಾಟ್ ಫೌಂಡ್’ ಬರುತ್ತದೆ, ಅದನ್ನು ಸೆಕ್ಯುರಿಟಿ ತೊಂದರೆ ಅಂದುಕೊಂಡು ಸೆಟ್ಟಿಂಗ್ ಸಡಿಲಿಸುತ್ತಾ ಕೂರಬೇಡಿ.