ಏಳು ಕುದುರೆ, ಸಾರಥಿ ಇಲ್ಲ

ಶ್ರೀಪಾದನ ಹೊಸ ಫ್ಲಾಟಿನ ಗೃಹಪ್ರವೇಶದ ಊಟ ಮುಗಿಸಿ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನಾಣಿ ಶುರು ಮಾಡಿದ.

"ಹಾಲ್‌ನಲ್ಲಿ ಏಳು ಬಿಳಿ ಕುದುರೆ ಓಡ್ತಿವೆಯಲ್ಲ, ಎಲ್ಲಿಗೋ?"

"ಮನೆ ಒಳಗೆ ಕಣೋ. ವಾಸ್ತುನೋರು ಹೇಳಿದ್ರು. ಹೊರಗೆ ಮುಖ ಮಾಡಿದ್ರೆ ದುಡ್ಡೂ ಹೊರಗೆ ಓಡತ್ತಂತೆ."

"ಸೂರ್ಯನ ಕುದುರೆಗೆ ಅರುಣ ಅಂತ ಸಾರಥಿ ಇದ್ದ. ಇವನ್ನ ಓಡಿಸ್ತಿರೋದು ಯಾರು?"

"ಬ್ಯಾಂಕಿನೋರು," ಎಂದಳು ವಿಶಾಲು. ಇಪ್ಪತ್ತು ವರ್ಷದ ಸಾಲ, ಪಾಪ.

ನಾಣಿ ಬಿಡಲಿಲ್ಲ. ನೀರಿನ ತಟ್ಟೆಯಲ್ಲಿರೋ ಹಿತ್ತಾಳೆ ಆಮೆಯ ಮುಖ ಮನೆ ಒಳಗೆ. ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ ಒಳಗೆ. ಸೊಂಡಿಲೆತ್ತಿದ ಜೋಡಿ ಆನೆಯೂ ಒಳಗೇ. "ಎಲ್ಲಾ ಒಳಗೆ ನುಗ್ಗಿದ್ರೆ ನೀನೆಲ್ಲಿ ಕೂರ್ತೀಯೋ? ಈ ಅಪಾರ್ಟ್‌ಮೆಂಟಲ್ಲಿ ಒಂದು ನಾಯಿ ಸಾಕೋಕೆ ಬಿಡಲ್ಲ, ಕಾಡಿಗೆ ಕಾಡೇ ಬಂದು ಕೂತಿದೆ!"

"ಹಿಂದೆ ಇರ್ಲಿಲ್ವಾ? ಮಹಾರಾಜರು ಹೊಡೆದ ಹುಲಿನ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೇಲಿ ಕಾಗದದ ಅಚ್ಚಿನ ಮೇಲೆ ಚರ್ಮ ಹೊದಿಸಿ, ಕಣ್ಣು ಕೂರಿಸಿ ಕೊಡ್ತಿದ್ರು. ಅದು ದೊಡ್ಡಸ್ತಿಕೆ. ಇದು ನಂದು," ಎಂದು ಶ್ರೀಪಾದ ಗೋಡೆ ತೋರಿಸಿದ. ಚಿನ್ನದ ಬಣ್ಣದ ಫೈಬರ್ ಜಿಂಕೆ ತಲೆ. ಕೊಂಬಿನ ತುದಿಗೆ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

ನಾಣಿ ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಾದ. ಅವನು ಸುಮ್ಮನಾಗೋದೇ ಅಪರೂಪ.

"ನಮ್ಮ ತೀರ್ಥಹಳ್ಳಿ ಮನೆ ಜಗಲೀಲಿ ಕಡವೆ ಕೊಂಬಿತ್ತು. ಅಜ್ಜನ ಕಾಲದ್ದು. ಶಿಕಾರಿ ಮಾಡಿದ ಜಂಬಕ್ಕೆ ಹಾಕಿದ್ದೇನೋ ಹೌದು. ನಾವು ಹುಟ್ಟೋ ಹೊತ್ತಿಗೆ ಜಂಬ ಎಲ್ಲಾ ಹೋಗಿ ಬರೀ ಗೂಟ ಆಗಿತ್ತು. ಒಂದು ಕವಲಿಗೆ ಅಜ್ಜನ ಟೋಪಿ, ಇನ್ನೊಂದಕ್ಕೆ ಕೊಡೆ, ಒಂದೊಂದ್ಸಲ ಒದ್ದೆ ಬೈರಾಸು. 2023ರಲ್ಲಿ ಹುಲಿ ಉಗುರು ಇಟ್ಕೊಂಡೋರ ಮೇಲೆ ಕೇಸು ಹಾಕಿ ಗಲಾಟೆ ಆಯ್ತಲ್ಲ, ಮನೇಲಿ ಕಾಗದ ಪತ್ರ ಏನೂ ಇರ್ಲಿಲ್ಲ, ಚಿಕ್ಕಪ್ಪ ಹೆದರಿ ಅರಣ್ಯ ಇಲಾಖೆಗೆ ಒಪ್ಪಿಸಿ ಬಂದ್ರು."

"ಒಳ್ಳೇದೇ ಆಯ್ತಲ್ಲ," ಎಂದಳು ವಿಶಾಲು.

"ಒಳ್ಳೇದೇ. ಕಡವೆಗೂ ಅದು ಬೇಕಿರ್ಲಿಲ್ಲ."

"ಕೊಂಬು ಯಾವ ದಿಕ್ಕಿಗಿತ್ತು?" ಶ್ರೀಪಾದನಿಗೆ ಅದೇ ಚಿಂತೆ.

"ಒದ್ದೆಯಾಗಿ ಒಳಗೆ ಬಂದೋನ ಕೈಗೆ ಸಿಗೋ ದಿಕ್ಕಿಗೆ ಕಣೋ. ಈಗ ಅಲ್ಲಿ ಒಂದು ಬಿಳಿ ಕಲೆ ಅಷ್ಟೇ. ಚಿಕ್ಕಪ್ಪ ಮಳೇಲಿ ಬಂದ್ರೆ ಈಗ್ಲೂ ನೋಡದೇ ಕೊಡೆ ಎತ್ತಿ ಅಲ್ಲಿಗೇ ಹಾಕ್ತಾರೆ. ಅದು ದಪ್ ಅಂತ ಕೆಳಗೆ ಬೀಳತ್ತೆ."