ಒಬ್ಬ ತಾಯಿಯ ಗಂಡ ಕುಡಿಯೋದು ಬಿಟ್ಟಿದ್ದಾನೆ ಅಂತ ನಾನೂ ಹೇಳಬೇಕಂತೆ. ಏನು ಮಾಡಲಿ?

ಬೆಂಚಿನಕ್ಕ:
ಎರಡು ವರ್ಷದ ಹಿಂದೆ ನನ್ನ ಮಗ ಬಾಲಮಂದಿರದಲ್ಲಿದ್ದ. ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕಿದ್ದೆವು, ತಪ್ಪು ನಮ್ಮದೇ. ಐದು ವಾರ ಆದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯವರು ಮನೆಗೆ ಕಳಿಸಿದರು. ಈಗ ಒಂದು ಸಂಸ್ಥೆಯವರು ನನ್ನನ್ನು ಬೇರೆ ಅಪ್ಪ ಅಮ್ಮಂದಿರ ಜೊತೆಗೆ ಸಮಿತಿಗೆ ಕಳಿಸುತ್ತಾರೆ. ಸ್ವಲ್ಪ ಗೌರವಧನ ಇದೆ. ಕೆಲಸ ಏನಂದ್ರೆ ಸುಮ್ನೆ ಪಕ್ಕದಲ್ಲಿ ಕೂರೋದು. ಆಧಾರ್, ರೇಷನ್ ಕಾರ್ಡು, ಟಿಸಿ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿಸೋದು. ನನ್ನ ಸರದಿಯಲ್ಲಿ ಮೂರು ಗಂಟೆ ಸಮಿತಿಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಕೂಗಿದ್ದು ನನ್ನ ಹೆಸರೇ ಅಂತಲೂ ತಿಳಿಯಲಿಲ್ಲ.

ಈಗಿನ ತಾಯಿಯ ಮಗಳಿಗೆ 9 ವರ್ಷ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಇದ್ದಳು ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಾರೆ. ಗುರುವಾರ ಸಮಿತಿ ಇದೆ. "ಅಕ್ಕಾ, ಇವರು ಕುಡಿಯೋದು ಬಿಟ್ಟಿದ್ದಾರೆ ಅಂತ ನೀವೂ ಒಂದು ಮಾತು ಹೇಳಿ" ಅಂತಾಳೆ. ಸೋಮವಾರ ಅವರ ಮನೆಗೆ ಹೋಗಿದ್ದೆ. ಬಚ್ಚಲ ಹಿಂದೆ ವಿಸ್ಕಿ ಟೆಟ್ರಾ ಪ್ಯಾಕು ಬಿದ್ದಿದ್ದವು. ಒಂದು ಇನ್ನೂ ಒದ್ದೆ ಇತ್ತು.

ಕೋರ್ಟು ಕಚೇರಿ:
ಸುಳ್ಳು ಬೇಡ. ಮನೆಯ ಸ್ಥಿತಿ ನೋಡಿ ಸಮಿತಿಗೆ ಕೊಡುವ ಸಾಮಾಜಿಕ ತನಿಖಾ ವರದಿಗೆ ಅಕ್ಕಪಕ್ಕದವರನ್ನೂ ಕೇಳುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ. ಅಪ್ಪ ಕುಡಿದು ಬಂದ ರಾತ್ರಿ ಮಗು ಎಲ್ಲಿ ಮಲಗುತ್ತದೆ? ಅದಕ್ಕೆ ಉತ್ತರ ರೆಡಿ ಮಾಡಿಕೊಂಡು ಹೋಗಿ. ಅಜ್ಜಿ ಇದ್ದಾರಾ?

ಮಲ್ಲಿಗೆ ಮೊಗ್ಗು:
ಹೇಳೋದು ಸುಲಭ. ಅಕ್ಕಾ, ನೀವು ಬಾಯಿ ಬಿಟ್ಟರೆ ಆ ತಾಯಿ ಮತ್ತೆ ನಂಬ್ತಾಳಾ? ಆಮೇಲೆ ನಿಮಗೂ ಇಲಾಖೆಯವರಿಗೂ ಏನು ವ್ಯತ್ಯಾಸ?

ಹಳೇ ಅಂಗನವಾಡಿ:
ಅಜ್ಜಿ ಮನೆ ಅಂತಾದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೂ (ಮಗುವನ್ನು ಸಾಕಲು ಕೊಡುವ ಹಣ) ಅರ್ಜಿ ಕೊಡಿ. ಮಂಜೂರಾದರೆ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ದಾಟಿರಬಾರದು, ಪಟ್ಟಣದಲ್ಲಿ 96,000. ಕೇಳದೇ ಯಾರೂ ಹೇಳಲ್ಲ.

ಬೆಂಚಿನಕ್ಕ:
ಮೊಗ್ಗು, ನನಗೂ ಅದೇ ಭಯ ಇತ್ತು. ಬುಧವಾರ ಅವಳಿಗೆ ನೇರವಾಗಿ ಹೇಳಿದೆ: ನಾನು ಸುಳ್ಳು ಹೇಳಲ್ಲ, ನಿನ್ನ ಬೆನ್ನ ಹಿಂದೆಯೂ ಹೇಳಲ್ಲ, ನೀನೇ ಹೇಳು, ನಾನು ಪಕ್ಕದಲ್ಲಿರ್ತೀನಿ. ತುಂಬಾ ಹೊತ್ತು ಸುಮ್ಮನಿದ್ದಳು. ಗುರುವಾರ ಸಮಿತಿಯ ಒಳಗೆ ಅವಳೇ ಹೇಳಿದಳು. ಅವಳ ಅಮ್ಮನ ಮನೆ ನೋಡಿ ವರದಿ ಕೊಡಿ ಅಂತ ಬರೆದುಕೊಂಡು ಮುಂದಿನ ತಾರೀಖು ಕೊಟ್ಟರು. ಮಗು ಇನ್ನೂ ಮನೆಗೆ ಬಂದಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿಗೆ ಹೋದಳು. ಇಳಿಯುವಾಗ ಕವರು ಅಲ್ಲೇ ಮರೆತಿದ್ದಳು. ಕಿಟಕಿಯಿಂದ ಕೂಗಿ ಕೊಟ್ಟೆ.